ಸೂಜಿ ಹಾಕದವರು ಎಂಥ ಡಾಕ್ಟ್ರು?

ನೋವಿದ್ದದ್ದು ಹೆಗಲಲ್ಲಿ. ಸೂಜಿ ಬಿದ್ದದ್ದು ಸೊಂಟಕ್ಕೆ. ನಮ್ಮೂರ ಕ್ಲಿನಿಕ್ಕಿನಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಪರದೆಯ ಆಚೆ ಕಾಂಪೌಂಡರ್ "ಯಾವ ಕಡೆ?" ಅನ್ನುತ್ತಾನೆ. ಎಡವೋ ಬಲವೋ, ನಮ್ಮ ಪಾಲಿನ ಆಯ್ಕೆ ಅಷ್ಟೇ. ಹತ್ತಿ ಒತ್ತಿ "ಚೆನ್ನಾಗಿ ಉಜ್ಕೊಳ್ಳಿ" ಎಂದು ಕಳಿಸುತ್ತಾನೆ. ಹೊರಗೆ ಬರುವಾಗ ಹೆಗಲು ನೆನಪೇ ಇರುವುದಿಲ್ಲ. ಕುಂಟೋದೇ ದೊಡ್ಡ ಕೆಲಸ ಆಗಿರುತ್ತದಲ್ಲ!

ಎರಡು ಮಾತ್ರೆ ಬರೆದುಕೊಟ್ಟು, ದಿನಾ ಹೆಗಲು ತಿರುಗಿಸಿ ಎನ್ನುವ ಡಾಕ್ಟ್ರೂ ಒಬ್ಬರು ಬಂದಿದ್ದರು. ಪಾಪ, ಹೆಚ್ಚು ದಿನ ನಿಲ್ಲಲಿಲ್ಲ. "ಒಂದು ಸೂಜಿನಾದ್ರೂ ಹಾಕಬಾರದಾ? ಹಾಗಾದ್ರೆ ದುಡ್ಡು ಯಾತಕ್ಕೆ?" ಎಂದು ಜನ ಎದುರುಗಡೆ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಸೂಜಿ ಖಾತ್ರಿ. ಸುಸ್ತು ಎಂದರೆ ಬಾಟ್ಲೂ ಏರಿಸುತ್ತಾರೆ.

ಬೆಂಗಳೂರಿನಲ್ಲಿ ಇದೇ ಭಕ್ತಿಗೆ ಎಸಿ ಇದೆ. ಅಲ್ಲಿ ಹೆಗಲು 'ಹಿಡ್ಕೊಳ್ಳುವುದಿಲ್ಲ', ಅದಕ್ಕೆ 'ಟ್ರಿಗರ್ ಪಾಯಿಂಟ್', ಅಂದರೆ ಸ್ನಾಯುವಿನಲ್ಲಿ ನೋಯುವ ಗಂಟು, ಆಗುತ್ತದೆ. ಒಂದು ಮಾತು ಒಪ್ಪಬೇಕು, ಸೂಜಿ ಮಾತ್ರ ನೋವಿದ್ದ ಕಡೆಗೇ ಹೋಗುತ್ತದೆ. ಡಾಕ್ಟ್ರು ಬೆರಳಲ್ಲಿ ತಡವಿ, ಹಗ್ಗದಂತೆ ಬಿಗಿದ ಎಳೆಯಲ್ಲಿ ಗಂಟು ಹುಡುಕುತ್ತಾರೆ. ಒತ್ತಿದರೆ ಹೆಗಲಿನ ನೋವು ಕತ್ತು ಹತ್ತಿ ಕಣತಲೆಗೆ ಹೊಡೆಯುತ್ತದೆ. ಸೂಜಿ ತಾಗಿದಾಗ ಸ್ನಾಯು ಗಾಳಕ್ಕೆ ಬಿದ್ದ ಮೀನಿನ ಹಾಗೆ ಒಮ್ಮೆ ಮಿಡುಕುತ್ತದೆ.

ಸಿರಿಂಜಿನಲ್ಲಿ ಏನಿರುತ್ತದೆ? ಮರಗಟ್ಟಿಸುವ ಲಿಗ್ನೋಕೇನ್. ಕೆಲವೊಮ್ಮೆ ಸ್ಟೀರಾಯ್ಡ್. ಜೇಬು ಗಟ್ಟಿ ಇದ್ದರೆ ಬೊಟಾಕ್ಸ್. ತಮಾಷೆ ಇರುವುದು ಇಲ್ಲೇ. ಬರೀ ಸೂಜಿ ಚುಚ್ಚಿದರೂ ನೋವು ಇಳಿಯುತ್ತದೆ ಎಂದು ಜೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲೇ ಬರೆದರು. 2001ರಲ್ಲಿ ಕಮಿಂಗ್ಸ್ ಮತ್ತು ವೈಟ್ ಎಂಬ ಇಬ್ಬರು 23 ಪ್ರಯೋಗಗಳನ್ನು ಜಾಲಾಡಿದರು. ಒಳಗೆ ಯಾವ ಔಷಧಿ ತುಂಬಿದರೂ ವ್ಯತ್ಯಾಸ ಕಾಣಲಿಲ್ಲ. ಸೂಜಿಯ ಗುಣವೋ, ಸೂಜಿ ಬಿತ್ತು ಎಂಬ ಸಮಾಧಾನದ ಗುಣವೋ, ಅದಕ್ಕೂ ಗಟ್ಟಿ ಸಾಕ್ಷಿ ಸಿಗಲಿಲ್ಲ. ನಮ್ಮಜ್ಜಿ ಇದನ್ನು 'ಕೈಗುಣ' ಎಂದು ಒಂದೇ ಮಾತಲ್ಲಿ ಮುಗಿಸುತ್ತಿದ್ದಳು. ಆದರೆ ಕೈಗುಣಕ್ಕೆ ಬಿಲ್ಲಿನಲ್ಲಿ ಕಾಲಂ ಇಲ್ಲ, ಜಿಎಸ್‌ಟಿಯವರೂ ಒಪ್ಪಲಿಕ್ಕಿಲ್ಲ. ಔಷಧಿಯ ಹೆಸರೇ ಬರೆಯಬೇಕು.

ಹಾಗಂತ ನಾವೇ ದಡ್ಡರು ಅಂದುಕೊಳ್ಳಬೇಡಿ. ಅಮೆರಿಕದ ಅಧ್ಯಕ್ಷ ಕೆನಡಿಯ ಬೆನ್ನಿಗೆ ಜಾನೆಟ್ ಟ್ರಾವೆಲ್ ಎಂಬ ವೈದ್ಯೆ ಮರಗಟ್ಟಿಸುವ ಪ್ರೊಕೇನ್ ಚುಚ್ಚುತ್ತಿದ್ದರು. ಈ ಗಂಟುಗಳ ನಕ್ಷೆ ಬರೆದ ಮಹಾತಾಯಿ ಅವರೇ. ಕೊನೆಗೆ 1961ರಲ್ಲಿ ಹಾನ್ಸ್ ಕ್ರೌಸ್ ಎಂಬ ಬೆಟ್ಟ ಹತ್ತುವ ಡಾಕ್ಟ್ರು ಬಂದು ಅಧ್ಯಕ್ಷರಿಂದ ಕಸರತ್ತು ಮಾಡಿಸಿದರು. ನಮ್ಮೂರಿಗೆ ಬಂದಿದ್ದರೆ ನೊಣ ಹೊಡೆಯುತ್ತಾ ಕೂರಬೇಕಿತ್ತು.

ಬೆಂಗಳೂರಿನ ನಮ್ಮ ಭಾವ ಹಬ್ಬಕ್ಕೆ ಬಂದಿದ್ದರು. ಅವರ ಡಾಕ್ಟ್ರು ಸೂಜಿಯ ಜೊತೆ ವ್ಯಾಯಾಮದ ಚಿತ್ರಗಳಿದ್ದ ಹಾಳೆಯನ್ನೂ ಕೊಟ್ಟಿದ್ದರಂತೆ. ಅದನ್ನು ನಾಲ್ಕು ಮಡಿಕೆ ಮಾಡಿ ಲ್ಯಾಪ್‌ಟಾಪಿನ ಅಲುಗಾಡುವ ಮೂಲೆಗೆ ಇಟ್ಟುಕೊಂಡಿದ್ದರು. ಮಂಚದ ಮೇಲೆ ಕತ್ತು ಬಗ್ಗಿಸಿ ಕೂತು, ಮುಂದಿನ ಸೂಜಿಗೆ ಅಪಾಯಿಂಟ್‌ಮೆಂಟ್ ಬುಕ್ ಮಾಡುತ್ತಿದ್ದರು.

ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತು ಕೇಳಿದರು, "ಎಷ್ಟು ಹಾಕಿದ್ರು?"

"ನಾಲ್ಕು, ಅಕ್ಕ."

ಅಕ್ಕನ ಮುಖ ಬಾಡಿತು. "ನಂಗೆ ಒಂದೇ ಹಾಕಿದ್ದು. ದುಡ್ಡು ಮಾತ್ರ ಪೂರ್ತಿ ಇಸ್ಕೊಂಡ."