ಲೆಕ್ಕ ಬರೆಯುವ ಕೆಲಸಕ್ಕೂ ದುಡ್ಡು ಕೊಡಿ

ಕಣ್ಣು, ಕಿವಿ ಎರಡರ ತೊಂದರೆಯೂ ಇರುವವರ ಆರೈಕೆಗೆ ಸರ್ಕಾರ ಕೊಡುವ ಹಣ ಅವರ ಕೈಗೇ ಸಿಗಬೇಕು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಇಂಥವರ, ಅಂದರೆ ಡೆಫ್‌ಬ್ಲೈಂಡ್ ಆದವರ ಜೊತೆ ಇರುವ ಸಹಾಯಕರು ಸುಮ್ನೆ ಕೈ ಹಿಡಿದು ನಡೆಸುವವರಲ್ಲ. ಅಂಗೈ ಮೇಲೆ ಅಕ್ಷರ ಮೂಡಿಸಿ, ಸನ್ನೆಗಳನ್ನು ಕೈಗೆ ಮುಟ್ಟಿಸಿ, ಕೋಣೆಗೆ ಯಾರು ಬಂದರು, ಯಾರು ನಕ್ಕರು, ಯಾರು ಎದ್ದು ಹೋದರು ಎಂದು ಹೇಳುವವರು ಅವರೇ. ಒಬ್ಬರ ಕೈ ಇನ್ನೊಬ್ಬರಿಗೆ ಒಗ್ಗಲು ಕಾಲ ಬೇಕು. ಏಜೆನ್ಸಿ ಪದೇ ಪದೇ ಹೊಸಬರನ್ನು ಕಳಿಸಿದರೆ ಮಾತುಕತೆ ಪ್ರತಿ ಸಲ ಮೊದಲಿನಿಂದ ಶುರುವಾಗುತ್ತದೆ. ಹಣ ತಮ್ಮ ಬಳಿ ಇದ್ದರೆ ಒಗ್ಗಿದವರನ್ನೇ ಉಳಿಸಿಕೊಳ್ಳಬಹುದು, ಅಲ್ವಾ?

ಬ್ರಿಟನ್‌ನಲ್ಲಿ 1996ರ ಕಾಯ್ದೆಯೊಂದು ಇದಕ್ಕೆ ದಾರಿ ಮಾಡಿತು. ಅಲ್ಲಿ ಇದನ್ನು ಡೈರೆಕ್ಟ್ ಪೇಮೆಂಟ್ ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಶುರುವಾದ ಎನ್‌ಡಿಐಎಸ್ ಎಂಬ ಅಂಗವಿಕಲರ ನೆರವಿನ ರಾಷ್ಟ್ರೀಯ ಯೋಜನೆಯಲ್ಲೂ ಹಣವನ್ನು ತಾವೇ ನೋಡಿಕೊಳ್ಳುವ ಆಯ್ಕೆ ಇದೆ. ಆದರೆ ಬಿಲ್, ರಸೀದಿಗಳನ್ನು 5 ವರ್ಷ ಇಟ್ಟುಕೊಳ್ಳಬೇಕು.

ನನ್ನ ತಕರಾರು ಇಲ್ಲೇ. ಸಹಾಯಕರನ್ನು ನೇಮಿಸಿಕೊಂಡ ದಿನವೇ ನೀವು ಮಾಲೀಕರು. ಸಂಬಳ, ರಜೆ, ವಿಮೆ, ತೆರಿಗೆ, ಹಾಜರಿ ಎಲ್ಲ ನಿಮ್ಮ ತಲೆಗೆ. ಇದರಲ್ಲಿ ಹೆಚ್ಚಿನದು ನಡೆಯುವುದು ಆನ್‌ಲೈನ್‌ನಲ್ಲಿ. ಲಾಗಿನ್ ಆಗಲು ಹಲವು ಕಡೆ ಕ್ಯಾಪ್ಚಾ, ಅಂದರೆ ನೀವು ಯಂತ್ರವಲ್ಲ ಎಂದು ತೋರಿಸುವ ಪರೀಕ್ಷೆ ಬರುತ್ತದೆ: ಚಿತ್ರ ನೋಡಿ, ಇಲ್ಲವೇ ಧ್ವನಿ ಕೇಳಿ. ಪರದೆಯ ಅಕ್ಷರಗಳನ್ನು ಬೆರಳಿಗೆ ತಾಕುವ ಚುಕ್ಕಿಗಳಾಗಿ ತೋರಿಸುವ ಬ್ರೈಲ್ ಡಿಸ್‌ಪ್ಲೇ ಮೇಲೆ ಬೆರಳಿಟ್ಟು ಕೂತವರಿಗೆ ಎರಡೂ ಬಾಗಿಲು ಮುಚ್ಚಿದ ಹಾಗೆ. ಸ್ಕ್ಯಾನ್ ಮಾಡಿದ ಬಿಲ್ ಬರೀ ಚಿತ್ರವಾಗಿದ್ದರೆ ಅದನ್ನೂ ಓದಲಾಗುವುದಿಲ್ಲ.

ಕೊನೆಗೆ ಏನಾಗುತ್ತದೆ? ಪಾಸ್‌ವರ್ಡ್ ಅಮ್ಮನ ಕೈಗೋ ಅಣ್ಣನ ಕೈಗೋ ಹೋಗುತ್ತದೆ. ಅವರು ಪ್ರೀತಿಯಿಂದಲೇ ಮಾಡುತ್ತಾರೆ, ರಾತ್ರಿ ಕೂತು ಮಾಡುತ್ತಾರೆ, ಯಾರೂ ಒಂದು ಪೈಸೆ ಕೊಡುವುದಿಲ್ಲ. ಆದರೆ ಈ ತಿಂಗಳು ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಅನ್ನುವುದು ಹಣದ ಒಡೆಯರಿಗೇ ಗೊತ್ತಿರುವುದಿಲ್ಲ. ಇದು ನನಗೆ ತುಂಬ ನೋವಿನ ವಿಷಯ.

ಇಂಗ್ಲೆಂಡಿನಲ್ಲಿ ಒಂದು ಒಳ್ಳೆಯ ನಿಯಮವಿದೆ. ಒಂದೇ ಮನೆಯಲ್ಲಿರುವ ಹತ್ತಿರದ ಸಂಬಂಧಿಗೆ ಆರೈಕೆಯ ಕೂಲಿ ಕೊಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಸ್ಥಳೀಯ ಕೌನ್ಸಿಲ್ ಅಗತ್ಯ ಎಂದು ಒಪ್ಪಿದರೆ, ಹಣದ ಲೆಕ್ಕ ನೋಡಿಕೊಳ್ಳುವ ಕೆಲಸಕ್ಕೆ ಅವರಿಗೆ ದುಡ್ಡು ಕೊಡಬಹುದು. ಲೆಕ್ಕ ಬರೆಯುವುದೂ ಕೆಲಸವೇ ಅಂತ ಕಾನೂನೇ ಒಪ್ಪಿದೆ. ಇದು ಎಲ್ಲ ಕಡೆ ಬರಬೇಕು. ಅದಕ್ಕಿಂತ ಮುಖ್ಯವಾಗಿ, ಆ ಲೆಕ್ಕವನ್ನು ಡೆಫ್‌ಬ್ಲೈಂಡ್ ವ್ಯಕ್ತಿಯ ಜೊತೆ ಕೂತು ಕೈಯಲ್ಲಿ ತಿಳಿಸಲು ಬೇಕಾದ ಗಂಟೆಗಳಿಗೂ ಹಣ ಸಿಗಬೇಕು.

ಒಬ್ಬೊಬ್ಬರ ಆರೈಕೆಯ ಯೋಜನೆ ಪರಿಶೀಲಿಸುವ ಸಭೆಗೂ ಇದೇ ಮಾತು. ಸ್ಪರ್ಶದಲ್ಲಿ ವಿಷಯ ದಾಟಿಸಲು ಸಮಯ ಜಾಸ್ತಿ ಬೇಕು, ಕೈಗಳಿಗೂ ದಣಿವಾಗುತ್ತದೆ. ಹಾಗಾಗಿ ಸಭೆಗೆ ಎರಡರಷ್ಟು ಹೊತ್ತು ಇಡಿ, ನಡುವೆ ಬಿಡುವು ಕೊಡಿ. ಪ್ರಶ್ನೆಯನ್ನು ಪಕ್ಕದಲ್ಲಿ ಕೂತ ಅಮ್ಮನಿಗೆ ಕೇಳಬೇಡಿ, ಡೆಫ್‌ಬ್ಲೈಂಡ್ ವ್ಯಕ್ತಿಗೇ ಕೇಳಿ.