ಆ ಕೈ ಫೋಟೋದಲ್ಲಿಯೇ ಇರಲಿ

ತಂಗಿಗೆ ಮಗು ಹುಟ್ಟಿ ಒಂಬತ್ತನೆಯ ದಿನ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಷಾಢದ ಮಳೆ, ಎರಡು ದಿನದಿಂದ ಕರೆಂಟಿಲ್ಲ. ನಾನು ಕ್ಯಾಮೆರಾ ಹಿಡಿದು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ತಲೆ ಎತ್ತದೆಯೇ ಹೇಳಿದಳು: "ಹಕ್ಕಿಗೆ ಹೊಂಚು ಹಾಕುವವನ ಹಾಗೆ ನಿಲ್ಲಬೇಡ. ಕೈ ತೊಳೆದುಕೊಂಡು ಬಾ."

ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಷ್ಟು ವರ್ಷ ನನ್ನ ಫೋಟೋಗ್ರಫಿ ಎಂದರೆ ಮಂಡಗದ್ದೆಯಲ್ಲಿ ತುಂಗೆಯ ದಡದ ಮೇಲೆ ಕುಳಿತು ಬೆಳ್ಳಕ್ಕಿ ತೆಗೆಯುವುದಷ್ಟೆ. ಸೋದರಮಾವನಾದ ಹುರುಪಿನಲ್ಲಿ ಮೂರು ರಾತ್ರಿ ನಿದ್ದೆಗೆಟ್ಟು ವಿಡಿಯೊ ನೋಡಿದ್ದೆ. ಬುಟ್ಟಿಯೊಳಗಿನ ಮಗು, ತಲೆಗೆ ಹೂವಿನ ಪಟ್ಟಿ ಕಟ್ಟಿದ ಮಗು, ಮೊಣಕೈ ಊರಿ ಅಂಗೈ ಮೇಲೆ ಗಲ್ಲವಿಟ್ಟು ನಿದ್ದೆ ಮಾಡುವ ಮಗು. ಈ ಕೊನೆಯದಕ್ಕೆ ಕಪ್ಪೆ ಭಂಗಿ ಎನ್ನುತ್ತಾರೆ. ಅದನ್ನೇ ತೆಗೆಯಬೇಕು ಎಂದುಕೊಂಡಿದ್ದೆ. ಹುಟ್ಟಿದ ಎರಡು ವಾರದೊಳಗೆ ಮಗು ಗಾಢವಾಗಿ ನಿದ್ದೆ ಮಾಡುತ್ತದೆ, ಹೊಟ್ಟೆಯೊಳಗಿದ್ದ ಹಾಗೆಯೇ ಮುದುಡಿಕೊಳ್ಳುತ್ತದೆ, ಆಮೇಲೆ ಈ ಭಂಗಿಗಳು ಕಷ್ಟ ಎಂಬ ಅವಸರ ಬೇರೆ.

ಪುಣ್ಯಕ್ಕೆ ಕೊನೆಯ ವಿಡಿಯೊದಲ್ಲಿ ಗುಟ್ಟು ಹೊರಬಿತ್ತು. ಅದು ಒಂದು ಫೋಟೋ ಅಲ್ಲ, ಎರಡು. ಒಂದರಲ್ಲಿ ಯಾರೋ ಮೇಲಿನಿಂದ ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಮುಂಗೈಗಳನ್ನು ಹಿಡಿದಿರುತ್ತಾರೆ. ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಹಿಡಿದ ಕೈಯನ್ನು ಅಳಿಸುತ್ತಾರೆ. ಒಂಬತ್ತು ದಿನದ ಮಗುವಿನ ಕತ್ತಿಗೆ ತನ್ನ ತಲೆಯನ್ನು ತಾನೇ ಹೊರುವ ಶಕ್ತಿ ಎಲ್ಲಿಂದ ಬರಬೇಕು? ಇದು ತಿಳಿಯದೆ ನನ್ನಂಥ ಹವ್ಯಾಸಿಯೊಬ್ಬ ಮನೆಯಲ್ಲಿ ಮಗುವನ್ನು ಹಾಗೆ ಕೂರಿಸಲು ಹೊರಟರೆ ಏನಾಗಬಹುದೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ತಿಳಿದವರು ಅನುಭವಿಗಳ ಜೊತೆ ನಿಂತು ಕಲಿತು ತೆಗೆಯಲಿ, ನನ್ನ ತಕರಾರಿಲ್ಲ. ಆದರೆ ಕೈ ಅಳಿಸಿದ ಆ ಚಿತ್ರ ಒಂದು ಸುಳ್ಳು ಹೇಳುತ್ತದೆ: ಮಗು ಒಂಟಿಯಾಗಿ ಇರಬಲ್ಲದು ಎಂಬ ಸುಳ್ಳು.

ಬುಟ್ಟಿ ಅಟ್ಟಕ್ಕೆ ಹೋಯಿತು.

ಮೊದಲ ದಿನ ಸಿಕ್ಕಿದ್ದು ಬರೀ ಮಂಜು. ತಂಡಿ ಹಿಡಿದ ಜಗಲಿಯಿಂದ ಬೆಚ್ಚಗಿನ ಕೋಣೆಗೆ ಬಂದ ಲೆನ್ಸಿನ ಮೇಲೆ ಆವಿ ಕೂತು ಹದಿನೈದು ನಿಮಿಷ ಏನೂ ಕಾಣಲಿಲ್ಲ. ಅದು ಆರುವುದರೊಳಗೆ ಮಗುವಿಗೆ ಹಸಿವಾಯಿತು. ಮರುದಿನ ಕ್ಯಾಮೆರಾವನ್ನು ಮೊದಲೇ ಕೋಣೆಯೊಳಗೆ ಇಟ್ಟೆ. ಶಟರ್ ಸದ್ದಿಗೆ ಮಗು ಬೆಚ್ಚಿ ಎರಡೂ ಕೈ ಚಾಚಿತು. ಎಳೆ ಮಕ್ಕಳು ಹಾಗೆ ಬೆಚ್ಚುವುದು ಸಹಜ, ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಆದರೆ ಅಮ್ಮ ನನ್ನನ್ನು ನೋಡಿದ ನೋಟ ಸಹಜವಾಗಿರಲಿಲ್ಲ.

ಬೆಳಕಿನ ವಿಷಯದಲ್ಲಿ ಮಲೆನಾಡಿನ ಮಳೆಗಾಲವನ್ನು ಮೀರಿಸುವ ಸ್ಟುಡಿಯೊ ಇಲ್ಲ ಎಂದೇ ನನ್ನ ಅಭಿಪ್ರಾಯ. ಮೋಡ ಸೋಸಿ ಕೊಡುವ ಬೆಳಕು ಅಷ್ಟು ಮೃದು. ಕಿಟಕಿಯ ಪಕ್ಕ ಮಗುವಿನ ತಲೆ ಕಿಟಕಿಯ ಕಡೆಗೆ ಓರೆಯಾಗಿರುವಂತೆ ಮಲಗಿಸಿದರೆ ಬೆಳಕು ಹಣೆಯಿಂದ ಗಲ್ಲಕ್ಕೆ ಇಳಿಯುತ್ತದೆ. ಕಾಲು ಕಿಟಕಿಯ ಕಡೆಗಿದ್ದರೆ ಗಲ್ಲದಿಂದ ಮೇಲಕ್ಕೆ ಹತ್ತಿ, ಮುದ್ದು ಮುಖವೂ ಯಕ್ಷಗಾನದ ರಕ್ಕಸನಂತೆ ಕಾಣುತ್ತದೆ. ನಾನು ಇಪ್ಪತ್ತು ರಕ್ಕಸರನ್ನು ತೆಗೆದ ಮೇಲೆ ಇದು ಹೊಳೆಯಿತು. 50 ಎಂಎಂ ಲೆನ್ಸ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600, ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) 2.8. ಕಿಂಡಿಯನ್ನು ಅದಕ್ಕಿಂತ ಹಿಗ್ಗಿಸಿದರೆ ರೆಪ್ಪೆ ಸ್ಪಷ್ಟ, ಮೂಗು ಮಸುಕು. ಮೊಬೈಲಿನಲ್ಲಿ ತೆಗೆಯುವವರು ಮುಖದ ಹತ್ತಿರ ಹೋಗದೆ ಎರಡು ಹೆಜ್ಜೆ ಹಿಂದೆ ನಿಂತು ಜೂಮ್ ಮಾಡಿ, ಇಲ್ಲದಿದ್ದರೆ ಮೂಗೇ ದೊಡ್ಡದಾಗುತ್ತದೆ.

ಬೆಳ್ಳಕ್ಕಿಗಳು ಕಲಿಸಿದ್ದರಲ್ಲಿ ಒಂದು ಮಾತ್ರ ಇಲ್ಲಿ ಉಪಯೋಗಕ್ಕೆ ಬಂತು. ಬಿಳುಪು ಹೆಚ್ಚಿದ್ದರೆ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಮಂಕು ಮಾಡುತ್ತದೆ. ಅಪ್ಪನ ಹಳೆಯ ಪಂಚೆ ಹರಿದು ಮಾಡಿದ ಬಟ್ಟೆಯಲ್ಲಿ ಮಗು ಮಲಗಿತ್ತು, ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಸ್ವಲ್ಪ ಏರಿಸಿದೆ, ಸರಿಹೋಯಿತು.

ಬಣ್ಣದಲ್ಲಿ ಮಾತ್ರ ಎಡವಿದೆ. ಮಗು ಹುಟ್ಟಿದ ನಾಲ್ಕನೆಯ ದಿನ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಮೈ ಹಳದಿಯಾಗಿತ್ತು. ಜಾಣತನ ತೋರಿಸಿ ವೈಟ್ ಬ್ಯಾಲೆನ್ಸ್ (ಚಿತ್ರದ ಒಟ್ಟು ಬಣ್ಣದ ಛಾಯೆ) ತಿದ್ದಿ ಗುಲಾಬಿ ಮಾಡಿ ತಂಗಿಗೆ ಕಳಿಸಿದೆ. ಅವಳು ಬಂದು ಕೇಳಿದಳು: "ಅಣ್ಣ, ಇವಳ ಹಳದಿ ಇಳಿದಿದೆ ಅಲ್ಲವಾ?" ನನ್ನ ನಾಲಿಗೆ ಒಣಗಿತು. ಅರ್ಧಕ್ಕಿಂತ ಹೆಚ್ಚು ಶಿಶುಗಳಲ್ಲಿ ಮೊದಲ ವಾರ ಕಾಮಾಲೆ ಕಾಣಿಸುತ್ತದೆ, ಬಹುತೇಕ ತಾನಾಗಿ ಹೋಗುತ್ತದೆ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ನನ್ನ ಸಾಫ್ಟ್‌ವೇರ್ ಅಲ್ಲ. ಅಂದೇ ತೋರಿಸಿಕೊಂಡು ಬಂದೆವು, ರಕ್ತಪರೀಕ್ಷೆಯಲ್ಲಿ ಗಾಬರಿಪಡುವಂಥದ್ದೇನೂ ಇರಲಿಲ್ಲ. ಅಂದಿನಿಂದ ಮಗುವಿನ ಮೈಬಣ್ಣವನ್ನು ನಾನು ತಿದ್ದುವುದಿಲ್ಲ. ಅಮ್ಮ ಕೆನ್ನೆಗಿಟ್ಟ ದೃಷ್ಟಿಬೊಟ್ಟನ್ನೂ ಅಳಿಸುವುದಿಲ್ಲ.

ನನಗೆ ಒಪ್ಪಿಗೆಯಾದ ಚಿತ್ರ ಹನ್ನೊಂದನೆಯ ದಿನದ್ದು. ಎಣ್ಣೆ ನೀರು ಮುಗಿದಿತ್ತು. ಅಮ್ಮ ಕಾಲು ಚಾಚಿ ಕುಳಿತಿದ್ದಳು, ಮಗು ಅವಳ ಮೊಣಕಾಲುಗಳ ನಡುವೆ. ತಲೆಯ ಕೆಳಗೆ ಅವಳ ಎಡಗೈ. ಆ ಹೆಬ್ಬೆರಳ ಮೇಲೆ ಮೆಟ್ಟುಗತ್ತಿ ತಾಗಿದ ಹಳೆಯ ಗಾಯದ ಗುರುತಿದೆ, ಎಷ್ಟೋ ವರ್ಷ ಅಡಿಕೆ ಸುಲಿದ ಕೈ ಅದು. ಮಗುವಿನ ಕಿವಿ ಆ ಗುರುತಿಗೆ ಒತ್ತಿಕೊಂಡಿತ್ತು. ನಾನು ಯಾರನ್ನೂ ಸರಿಸಲಿಲ್ಲ, ಯಾರನ್ನೂ ನಗಿಸಲಿಲ್ಲ. ಒಂದೇ ಸಲ ಒತ್ತಿದೆ.

ಚಿತ್ರವನ್ನು ಇಲ್ಲಿ ಹಾಕುತ್ತಿಲ್ಲ. ಮಗುವಿನ ಮುಖವನ್ನು ಊರಿಗೆಲ್ಲ ತೋರಿಸಬೇಕೋ ಬೇಡವೋ ಎಂಬುದು ತಂಗಿಗೆ ಬಿಟ್ಟದ್ದು, ಅವಳು ಬೇಡ ಎಂದಿದ್ದಾಳೆ.

ಮೊನ್ನೆ ಭಾವ ಫೋನ್ ಮಾಡಿದ್ದರು. ಫ್ರೇಮು ಹಾಕಿಸುತ್ತಾರಂತೆ. "ಎಲ್ಲ ಚೆನ್ನಾಗಿದೆ, ಆ ಕೈಯೊಂದನ್ನು ತೆಗೆಯಲು ಆಗುತ್ತದಾ?" ಎಂದು ಕೇಳಿದರು. ಅಂಥ ಕೆಲಸ ನನಗೆ ಬರುವುದಿಲ್ಲ ಎಂದುಬಿಟ್ಟೆ.