ಜೆನ್ನರ್ ಮೊದಲ ಲಸಿಕೆ ಹಾಕಿದ್ದು ಮಗನಿಗಲ್ಲ: ಒಂದು ಸ್ಪಷ್ಟನೆ

ಮೇ 14 ಬಂತೆಂದರೆ, ವೈದ್ಯ ಎಡ್ವರ್ಡ್ ಜೆನ್ನರ್ ಸಿಡುಬಿನ ಮೊದಲ ಲಸಿಕೆಯನ್ನು ಸ್ವಂತ ಮಗನಿಗೇ ಹಾಕಿದರೆಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತದೆ. ದಿನ ಸರಿ, ಮಗು ಬೇರೆ. 1796ರ ಆ ದಿನ ಇಂಗ್ಲೆಂಡಿನ ಬರ್ಕ್ಲಿಯಲ್ಲಿ ಅವರು, ಹಾಲು ಕರೆಯುತ್ತಿದ್ದ ಸಾರಾ ನೆಲ್ಮ್ಸ್ ಎಂಬಾಕೆಯ ಕೈಮೇಲೆ ಎದ್ದಿದ್ದ ಗೋಸಿಡುಬಿನ (ಹಸುಗಳಿಂದ ಹರಡುವ, ಸಿಡುಬಿನಂಥದೇ ಆದರೆ ಸೌಮ್ಯವಾದ ರೋಗ) ಗುಳ್ಳೆಯಿಂದ ಕೀವು ತೆಗೆದು, ತಮ್ಮ ತೋಟದ ಮಾಲಿಯ 8 ವರ್ಷದ ಮಗ ಜೇಮ್ಸ್ ಫಿಪ್ಸ್‌ನ ತೋಳಿನಲ್ಲಿ ಸಣ್ಣದಾಗಿ ಗೀರಿ ಸೇರಿಸಿದರು. ಜುಲೈ 1ರಂದು ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನೇ ಹಾಕಿ ಪರೀಕ್ಷಿಸಿದಾಗ ರೋಗ ಬರಲಿಲ್ಲ. ಇಷ್ಟು ದೊಡ್ಡ ಅಪಾಯವನ್ನು ಹೊತ್ತ ಬಡ ಬಾಲಕನ ಹೆಸರು ಮರೆಯಾಗುವುದು ಅನ್ಯಾಯ. ಗೊಂದಲಕ್ಕೆ ಕಾರಣವೂ ಉಂಟು: 1789ರಲ್ಲಿ ಜೆನ್ನರ್ ತಮ್ಮ ಹಿರಿಯ ಮಗನಿಗೆ ಹಂದಿಸಿಡುಬಿನ ಕೀವನ್ನು ಹಾಕಿದ್ದರು, ಅದು ಬೇರೆಯೇ ಪ್ರಯೋಗ. ಮುಂದೆ ಫಿಪ್ಸ್‌ಗೆ ಬಾಡಿಗೆಯಿಲ್ಲದೆ ವಾಸಿಸಲು ಅವರು ಒಂದು ಪುಟ್ಟ ಮನೆಯನ್ನು ಕೊಟ್ಟರು.